ಬೇಯದ ಬುತ್ತಿ

“ನೀವು ಯಾರ ಪೈಕಿ?”

ಅತ್ತೆ ಹಂಪಮ್ಮನ, ಕುಲ ವಿಚಾರಿಸುವ ಈ ಪ್ರಶ್ನೆ ಕಿವಿಗೆ ಬಿದ್ದೊಡನೆ ಸೂಗಮ್ಮ ಕೈಯಲ್ಲಿದ್ದ ಲೋಟಗಳನ್ನು ಅಲ್ಲೇ ಕುಕ್ಕಿ, ಅಡುಗೆಮನೆಯಿಂದ ಪಡಸಾಲೆಗೆ ಓಡಿಬಂದಳು. ಹೊಸ್ತಿಲ ಪಕ್ಕ ಕಾಲು ಚಾಚಿ ಕುಳಿತಿದ್ದ ಮುದುಕಿಯ ಎದುರು ಬಳಿಚಕ್ರದ ರೈತ ತಾಯಪ್ಪ ಬುತ್ತಿಯ ಗಂಟು ಹಿಡಿದು ನಿಂತಿದ್ದ.

“ನಾವು ಜ್ವಾಳದ ಪೈಕಿ, ಆಯಿ,” ಎಂದ ಅವನು.

ಆಗಲೇ ಬಂದು ಕುಳಿತಿದ್ದವರೆಲ್ಲ ನಕ್ಕರು. ಆ ನಗೆ ಬೇಕಾದುದಕ್ಕಿಂತ ತುಸು ಹೆಚ್ಚು ಹೊತ್ತೇ ನಡೆಯಿತು.

ಶಹಾಪುರದ ನಿವೃತ್ತ ಶಿಕ್ಷಕಿ ಸೂಗಮ್ಮ ಮೂರು ವರ್ಷಗಳಿಂದ ಅಡುಗೆಯ ಬ್ಲಾಗೊಂದನ್ನು ಬರೆಯುತ್ತಿದ್ದಳು. ಕಾಲುವೆಯ ನೀರು ಹರಿದು ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಮನೆಮನೆಯಿಂದ ಮರೆಯಾಗುತ್ತಿದ್ದ ಸಂಗಟಿ, ನುಚ್ಚು, ಪುಂಡಿಪಲ್ಯಗಳೇ ಅದರ ವಸ್ತು. ಪುಂಡಿಪಲ್ಯಕ್ಕೆ ಹಾಕಬೇಕಾದದ್ದು ಜೋಳದ ನುಚ್ಚೋ ತೊಗರಿಬೇಳೆಯೋ ಎಂದು ಸುರಪುರದ ಓದುಗರು ಕಕ್ಕೇರಾದವರೊಡನೆ ವಾರಗಟ್ಟಲೆ ಜಗಳವಾಡಿದ್ದರು. ಒಬ್ಬರಿಗೆ ಜ್ವರವೆಂದರೆ ಮತ್ತೊಬ್ಬರು ಗಂಜಿ ಮಾಡುವ ಬಗೆ ಬರೆದು ಕಳಿಸಿದ್ದರು. ಯಾರೂ ಯಾರ ಕುಲವನ್ನೂ ಕೇಳಿರಲಿಲ್ಲ. ಆ ಸಂತೋಷದ ಭರದಲ್ಲಿ, ‘ಭಾನುವಾರ ನಮ್ಮ ಮನೆಗೆ ಬನ್ನಿ, ನಿಮ್ಮ ನಿಮ್ಮ ಬುತ್ತಿ ತನ್ನಿ, ಹಂಚಿಕೊಂಡು ಉಣ್ಣೋಣ’ ಎಂದು ಸೂಗಮ್ಮ ಬರೆದುಬಿಟ್ಟಿದ್ದಳು. ಬರೆದ ದಿನದಿಂದಲೇ ಅವಳ ನೆಮ್ಮದಿ ಹಾರಿಹೋಗಿತ್ತು. ಪರದೆಯ ಮೇಲಿನ ರೊಟ್ಟಿಯನ್ನು ಹೊಗಳಲು ಖರ್ಚೇನಿಲ್ಲ. ತಟ್ಟೆಗೆ ಬಿದ್ದ ರೊಟ್ಟಿಯನ್ನು ಯಾರಾದರೊಬ್ಬರು ಮುಟ್ಟದೆ ಪಕ್ಕಕ್ಕೆ ಸರಿಸಿದರೆ, ಮೂರು ವರ್ಷ ಕಟ್ಟಿದ್ದು ಒಂದೇ ಮಧ್ಯಾಹ್ನದಲ್ಲಿ ಕುಸಿದುಬೀಳುತ್ತದೆ.

ಎಲ್ಲರಿಗಿಂತ ಕೊನೆಗೆ ಬಂದವಳು ಮುದನಾಳದ ಮೋನಮ್ಮ. “ಬರ್ರೀ, ಬರ್ರೀ, ಪುಂಡಿಪಲ್ಯದ ವಕೀಲ್ರು ಬಂದ್ರು!” ಎಂದು ಬ್ಲಾಗಿನ ಆ ಜಗಳ ನೆನೆದು ತಾಯಪ್ಪ ಕೂಗಿದ.

“ಯಾರ ಪೈಕಿ ತಂಗಿ?” ಹೊಸ್ತಿಲಿನಿಂದ ಮತ್ತೆ ಅದೇ ಪ್ರಶ್ನೆ.

“ಮುದನಾಳದವ್ರು ಅತ್ತಿ, ಆಫೀಸಿನ್ಯಾಗ ಕ್ಲಾರ್ಕ್ ಅದಾರ,” ಎಂದು ಸೂಗಮ್ಮ ನಡುವೆ ಬಾಯಿ ಹಾಕಿದಳು. ಉತ್ತರ ಕೊಡಲೆಂದು ತುಟಿ ತೆರೆದಿದ್ದ ಮೋನಮ್ಮ ಅವಳನ್ನೊಮ್ಮೆ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದಳು.

ಮೋನಮ್ಮ ಒಮ್ಮೆ ತನ್ನ ರೊಟ್ಟಿಯ ಫೋಟೊ ಕಳಿಸಿದ್ದಳು. ಹಿಂದಿನ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅವಳು ಊರಿನ ಯಾವ ಓಣಿಯವಳೆಂದು ಸೂಗಮ್ಮ ತಿಳಿದದ್ದು ಅದರಿಂದಲೇ. ಪ್ರಕಟಿಸುವ ಮುನ್ನ ಗೋಡೆಯ ಭಾಗವನ್ನು ಕತ್ತರಿಸಿ ತೆಗೆದಿದ್ದಳು. ರೊಟ್ಟಿ ದೊಡ್ಡದಾಗಿ ಕಾಣಲೆಂದು, ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಬಂದ ಒಂಬತ್ತು ಮಂದಿ ದುಂಡಗೆ ಕುಳಿತು ಗಂಟು ಬಿಚ್ಚಿದರು. ತಾಯಪ್ಪನ ಗಂಟಿನಲ್ಲಿದ್ದದ್ದು ಜೋಳದ ಹಿಟ್ಟು. ಸುರಪುರದ ಅಂಗಡಿಕಾರ ಜಗದೇವಪ್ಪನದರಲ್ಲಿ ಶೇಂಗಾ ಮತ್ತು ಖಾರದಪುಡಿ. ಕಕ್ಕೇರಾದ ಲಾಲಮ್ಮನದರಲ್ಲಿ ಎಳೆಯ ಬದನೆಕಾಯಿ. ಮೋನಮ್ಮನದರಲ್ಲಿ ತೊಳೆದು ಆರಿಸಿದ ಪುಂಡಿಸೊಪ್ಪು. ಒಂಬತ್ತು ಗಂಟುಗಳಲ್ಲಿ ಬೆಂದದ್ದು ಒಂದು ತುತ್ತೂ ಇರಲಿಲ್ಲ. ಎಲ್ಲರೂ ತರುತ್ತಾರೆಂದು ಸೂಗಮ್ಮನೂ ಏನೂ ಬೇಯಿಸಿರಲಿಲ್ಲ.

ಹಿಟ್ಟು, ಕಾಯಿ, ಸೊಪ್ಪನ್ನು ಯಾರ ಮನೆಯಿಂದಲಾದರೂ ತೆಗೆದುಕೊಳ್ಳಬಹುದು. ಅದು ಒಲೆಯನ್ನೇರಿದ ಮೇಲೆಯೇ ಯಾರ ಕೈಯದೆಂಬ ಮಾತು ಹುಟ್ಟುತ್ತದೆ. ತಾವು ಬೇಯಿಸಿ ತಂದುದನ್ನು ಉಳಿದವರು ಉಂಡಾರೋ ಇಲ್ಲವೋ ಎಂದು ಹೆದರಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ, ಎಲ್ಲರೂ ಒಂದೇ ಉಪಾಯ ಹೂಡಿ ಬಂದಿದ್ದರು.

“ನಾ ಒಬ್ಬನೇ ಹಿಂಗ ಮಾಡೀನಿ ಅನ್ಕೊಂಡಿದ್ನಿ,” ಎಂದು ಜಗದೇವಪ್ಪ ನೆಲ ನೋಡಿದ.

“ಇಲ್ಲೇ ಸಂತಿ ಹಚ್ಚೂಣು ತಗೋರಿ, ಭೇಷ್ ಯಾಪಾರ ಆಗತೈತಿ,” ಎಂದ ತಾಯಪ್ಪ. ಈ ಸಲ ಯಾರೂ ನಗಲಿಲ್ಲ.

ಮೋನಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. “ಅಡಿಗಿ ಇಲ್ಲಂದ್ರೇನು, ಎಲ್ಲಾರಿಗೂ ಕೈ ಅದಾವಲ್ರಿ. ಯಾರರ ಹಿಟ್ಟು ನಾದ್ರಿ, ನಾ ರೊಟ್ಟಿ ಬಡೀತೀನಿ. ಒಲಿ ಎಲ್ಲೈತ್ರಿ, ಟೀಚರ?”

ಎಲ್ಲರ ಕಣ್ಣೂ ಸೂಗಮ್ಮನತ್ತ ಹೊರಳಿದವು. ಅವಳ ಕಣ್ಣು ಮಾತ್ರ ಹೊಸ್ತಿಲ ಕಡೆ ಓಡಿತು. ತಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಹೊರಗಿನವರು ಯಾರೂ ಅಡುಗೆಮನೆಯೊಳಗೆ ಕಾಲಿಟ್ಟದ್ದನ್ನು ಅವಳು ಕಂಡಿರಲಿಲ್ಲ. ಇಷ್ಟು ಜನರೆದುರು ಅತ್ತೆ ಒಂದು ಮಾತು ಆಡಿಬಿಟ್ಟರೆ?

“ಒಳಗ ಸೆಕಿ ಭಾಳ ಐತಿ,” ಎಂದಳು. ದನಿ ತನಗೇ ಪರಕೀಯವೆನಿಸಿತು. “ಅಂಗಳದಾಗ ಬೇವಿನ ಗಿಡದ ಬುಡಕ ಮೂರು ಕಲ್ಲು ಹೂಡೂಣು. ಛಲೋ ಗಾಳಿ ಬರತೈತಿ.”

ಯಾರ ಮನಸ್ಸೂ ನೋಯದಂತೆ ಎಲ್ಲವೂ ಬಗೆಹರಿಯಿತೆಂದು ಅವಳ ಉಸಿರು ಸಡಿಲವಾಯಿತು.

“ಹೊರಗ ಅಂದ್ರ ನಮಗ ರೂಢಿ ಐತ್ರಿ,” ಎಂದು ಮೋನಮ್ಮ ಮೆಲ್ಲಗೆ ನಕ್ಕು, ಮೊದಲ ಕಲ್ಲನ್ನು ತಾನೇ ಹೊತ್ತು ತಂದಳು. ಎರಡನೆಯದನ್ನು ತಾಯಪ್ಪ ತಂದ. ಮೂರನೆಯದನ್ನು ಸೂಗಮ್ಮ ಗೋಡೆಯ ಮಗ್ಗುಲಿಂದ ಎಬ್ಬಿಸಿ, ಎದೆಗವಚಿಕೊಂಡು ಅಂಗಳದ ನಡುವಿಗೆ ಬಂದಳು.

ಹೊಸ್ತಿಲಲ್ಲಿದ್ದ ಹಂಪಮ್ಮ ಹಣೆಗೆ ಕೈ ಅಡ್ಡ ಹಿಡಿದು ಇದನ್ನೆಲ್ಲ ನೋಡುತ್ತಿದ್ದಳು.

“ಏ ಸೂಗವ್ವಾ,” ಎಂದು ಕೂಗಿದಳು, “ಮನಿಗೆ ಬಂದವ್ರ ಕೈಲೆ ಈ ಬಿಸಲಾಗ ಕಲ್ಲು ಯಾಕ ಹೊರಸಾಕತ್ತಿ? ಒಳಗ ಗ್ಯಾಸ್ ಮುಗದೈತೇನು?”

ಅಂಗಳದಲ್ಲಿ ಒಂಬತ್ತು ಮಂದಿಯೂ ನಿಂತಲ್ಲೇ ನಿಂತು ಉತ್ತರಕ್ಕಾಗಿ ಕಾದರು. ಕಲ್ಲನ್ನು ಎಲ್ಲಿ ಇಳಿಸಬೇಕೆಂದು ಸೂಗಮ್ಮನಿಗೆ ತಿಳಿಯಲಿಲ್ಲ.