ಹೊರಗಾದವರು

ಕೊರೊನಾ ತಗುಲಿದೆ ಎಂದು ವರದಿ ಬಂದ ಸಂಜೆಯೇ ಯಜಮಾನರು ಹಿತ್ತಲ ಕೋಣೆ ಸೇರಿದರು. ಮನೆಯ ಬೆನ್ನಿಗೆ ಅಂಟಿಕೊಂಡ ಆ ಕೋಣೆಯನ್ನು, ಹಿರಿಯರ ಪದ್ಧತಿ ತಪ್ಪಬಾರದೆಂದು, ಅವರೇ ನಿಂತು ಕಟ್ಟಿಸಿದ್ದರು.

ಮರುದಿನಕ್ಕೆ ಜ್ವರ ಇಳಿಯಿತು, ಸಿಟ್ಟು ಏರಿತು. ಚಾಪೆಯ ಮೇಲೆ ಕೂರುವರು, ಏಳುವರು, ಬಾಗಿಲ ತನಕ ಬಂದು ಹಿಂದಿರುಗುವರು.

ಹೆಂಡತಿ ಊಟದ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ದೂರ ಸರಿದಳು.

"ನಾಯಿಗೆ ಹಾಕೋ ಹಾಗೆ ಇಟ್ಟು ಹೋಗ್ತೀಯಲ್ಲ. ಕೈಗೆ ಕೊಟ್ರೆ ಏನಾಗುತ್ತೆ?"

"ಮುಟ್ಟೋ ಹಾಗಿಲ್ಲ ಅಂದಿದಾರೆ."

"ಈ ಸೆಕೇಲಿ ಮನುಷ್ಯರು ಇರೋದು ಹೇಗೆ? ಒಂದು ಫ್ಯಾನಾದ್ರೂ ಬೇಡ್ವಾ?"

"ಕಟ್ಟಿಸುವಾಗ ನಾನು ಕೇಳಿದ್ದೆ. ತಿಂಗಳಿಗೆ ಮೂರು ದಿನ ಕೂರೋಕೆ ಫ್ಯಾನ್ ಯಾಕೆ ಅಂದ್ರಿ."

ಅವರು ಅನ್ನ ಕಲಸಿದರು, ಎರಡು ತುತ್ತು ತಿಂದು ತಟ್ಟೆ ತಳ್ಳಿದರು. ಮತ್ತೆ ಎದ್ದು ಕಿಟಕಿಗೆ ಬಂದರು. ಹೆಂಡತಿ ಆಗಲೇ ಒಳಗೆ ಹೋಗಿದ್ದಳು. ಹೈಸ್ಕೂಲಿಗೆ ಹೋಗುವ ಮಗಳು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು.

"ಒಬ್ಬನೇ ಕೂತು ಹುಚ್ಚು ಹಿಡಿಯೋ ಹಾಗಾಗಿದೆ ಕಣೆ. ಊರಲ್ಲಿ ಏನಾಗ್ತಿದೆ ಅಂತಾನೂ ಗೊತ್ತಾಗಲ್ಲ. ಆ ಟಿವೀನಾದ್ರೂ ಸ್ವಲ್ಪ ಜೋರಾಗಿ ಇಡೋಕೆ ಹೇಳು ನಿಮ್ಮಮ್ಮಂಗೆ."

ಮಗಳು ಒದ್ದೆ ಲಂಗವನ್ನು ಕೊಡವಿ ತಂತಿಗೆ ಹಾಕಿದಳು. ತಿರುಗಿ ನೋಡಲಿಲ್ಲ.

"ಜೋರು ಮಾಡೋದೇನೂ ಬೇಡಪ್ಪ. ಕಿಟಕಿ ಕೆಳಗಿನ ಮೂಲೇಲಿ ಗೋಡೆಗೆ ಕಿವಿ ಕೊಟ್ಟು ಕೂತ್ಕೋ, ಟಿವಿ ಕೇಳಿಸುತ್ತೆ. ಒಳಗೆ ನೀವೆಲ್ಲ ನಕ್ಕರೆ ಅದೂ ಕೇಳಿಸುತ್ತೆ."