ತೀರ್ಥದ ಬಟ್ಟಲು

ಟೈಫಾಯ್ಡ್ ಹಿಡಿದ ಅತ್ತೆಗೆ, ನರ್ಸಿಂಗ್ ಓದಿದ್ದ ಚಿಕ್ಕ ಸೊಸೆ ಮಾತ್ರೆ ಕೊಡುತ್ತಿದ್ದಳು. ದೊಡ್ಡ ಸೊಸೆ ಪೂಜೆ ಮುಗಿಸಿ ತೀರ್ಥ ಕುಡಿಸುತ್ತಿದ್ದಳು. ಜ್ವರ ಇಳಿಯಿತು; ಮಾತ್ರೆಗಳ ಕೋರ್ಸ್ ಮಾತ್ರ ಇನ್ನೂ ಬಾಕಿ ಇತ್ತು.

"ದೊಡ್ಡವಳ ತೀರ್ಥದಿಂದ ಬದುಕಿದೆ," ಎಂದು ಅತ್ತೆ ಬಂದ ನೆಂಟರಿಗೆಲ್ಲ ಹೇಳಿದರು.

"ಹಾಗಾದ್ರೆ ನಾನು ಓದಿದ್ದು ದಂಡ ಅನ್ನಿ," ಎಂದಳು ಚಿಕ್ಕವಳು.

"ಓದಿದ್ರೆ ಆಯ್ತೇನೇ? ಅವಳ ಕೈಗುಣ ನಿನಗೆಲ್ಲಿಂದ ಬರ್ಬೇಕು?"

ದೊಡ್ಡವಳು ಸುಮ್ಮನೆ ನಕ್ಕಳು. ಆ ನಗು ಚಿಕ್ಕವಳ ಹೊಟ್ಟೆ ಉರಿಸಿತು.

ಮರುದಿನದಿಂದ, ದೊಡ್ಡವಳು ತೀರ್ಥ ಸಿದ್ಧಮಾಡಿಟ್ಟು ಹೂ ಬಿಡಿಸಲು ಹೋದಾಗಲೆಲ್ಲ ಚಿಕ್ಕವಳು ಅದನ್ನು ಬಚ್ಚಲಿಗೆ ಸುರಿದು, ಬಟ್ಟಲಿಗೆ ನಲ್ಲಿ ನೀರು ತುಂಬಿ, ಅದೇ ತುಳಸಿ ದಳ ತೇಲಿಬಿಟ್ಟಳು. ಮಾತ್ರೆಗಳನ್ನು ಎಂದಿನಂತೆ ಹೊತ್ತಿಗೆ ಸರಿಯಾಗಿ ಅತ್ತೆಯ ಕೈಗಿಟ್ಟಳು. ಯಾವುದರಿಂದ ಗುಣವಾಗುತ್ತದೆಂದು ಎಲ್ಲರಿಗೂ ಗೊತ್ತಾಗಲಿ.

ವಾರದೊಳಗೆ ಜ್ವರ ಮತ್ತೆ ಏರಿ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ವಾರ್ಡಿನ ಹೊರಗೆ ಚಿಕ್ಕವಳು ಬಾಯಿಬಿಟ್ಟಳು. "ತೀರ್ಥ ಚೆಲ್ಲಿ ನೀರು ಇಡ್ತಿದ್ದೋಳು ನಾನೇ, ಅಕ್ಕ. ಅದಕ್ಕೆ ಅಷ್ಟೊಂದು ಶಕ್ತಿ ಇತ್ತಾ?"

ದೊಡ್ಡವಳು ಅವಳನ್ನು ಬೆಂಚಿನ ಮೇಲೆ ಎಳೆದು ಕೂರಿಸಿದಳು.

"ಅತ್ತೆ ನಿನ್ನ ಮಾತ್ರೆ ನುಂಗ್ತಾನೇ ಇರ್ಲಿಲ್ಲ, ದಿಂಬಿನ ಕೆಳಗೆ ತುರುಕ್ತಿದ್ರು. ಅದನ್ನೇ ತೆಗೆದು, ಪುಡಿ ಮಾಡಿ ತೀರ್ಥಕ್ಕೆ ಬೆರೆಸ್ತಿದ್ದೆ ಕಣೇ."