ಮಾತಾಡುವ ಮಿಷಿನ್

ಬೆರಳಿಗೆ ಸೂಜಿ ಚುಚ್ಚುವ ಮೊದಲು ಸವರುವ ಸ್ಪಿರಿಟ್ಟಿನ ವಾಸನೆಗೆ ನನಗೆ ಈಗಲೂ ಜಿಲೇಬಿ ನೆನಪಾಗುತ್ತದೆ.

ಆಗ ನನಗೆ ಎಂಟು ವರ್ಷ. ಫೋರ್ಟ್ ಏರಿಯಾದ ಉಡುಪಿ ಹೋಟೆಲಿನಲ್ಲಿ ಆಯುಷ್ಯವಿಡೀ ಸಿಹಿತಿಂಡಿ ಮಾಡಿದ್ದ ಅಜ್ಜನಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಒಂದು ಭಾನುವಾರ ಮಧ್ಯಾಹ್ನ ಅಪ್ಪ ಆಂಟಾಪ್ ಹಿಲ್‌ನ ನಮ್ಮ ಮನೆಗೆ ಶುಗರ್ ನೋಡುವ ಎರಡು ಮಿಷಿನ್ ತಂದರು. ಒಂದು ಅಂಕಿಯನ್ನು ಬರೀ ತೋರಿಸುತ್ತಿತ್ತು, ಇನ್ನೊಂದು ಹಿಂದಿಯಲ್ಲಿ ಕೂಗಿ ಹೇಳುತ್ತಿತ್ತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಂಗಡಿಗೆ ಮರಳಿಸಬೇಕಿತ್ತು.

“ನಿಮಗೆ ಕಣ್ಣು ಮಂಜಲ್ವಾ? ಮಾತಾಡುವುದೇ ಆಗಬಹುದು,” ಎಂದರು ಅಪ್ಪ.

ಅಜ್ಜ ಬೇಡ ಬೇಡ ಎನ್ನುತ್ತಲೇ ಬೆರಳು ಚಾಚಿದರು. ಅಪ್ಪ ಸ್ಪಿರಿಟ್ಟು ಸವರಿ ಸೂಜಿ ಚುಚ್ಚಿದರು. ಮಿಷಿನ್ ಇಡೀ ಬಿಲ್ಡಿಂಗಿಗೆ ಕೇಳುವಂತೆ “ಚಾರ್ ಸೌ ಬಾರಹ್” ಎಂದಿತು. ನಾನೂರ ಹನ್ನೆರಡು!

ಅಜ್ಜಿ ಲಟ್ಟಣಿಗೆ ಸಮೇತ ಅಡುಗೆಮನೆಯಿಂದ ಓಡಿಬಂದರು. ಅಪ್ಪ ಬೆವರುತ್ತಾ ಡಬ್ಬಿಯೊಳಗಿನ ಚೀಟಿ ಬಿಡಿಸಿ ಓದಿದರು. ಬರೀ ಸ್ಪಿರಿಟ್ಟು ಸಾಲದು, ಮೊದಲು ಸೋಪು ಹಾಕಿ ಕೈ ತೊಳೆಯಬೇಕಂತೆ. ತೊಳೆಸಿ ಮತ್ತೆ ಚುಚ್ಚಿದಾಗ ಬಂದದ್ದು ನೂರ ನಲವತ್ತು.

“ನೋಡಿದೆಯಾ? ನನ್ನ ರಕ್ತದಲ್ಲಿ ಎಂಥದೂ ಇಲ್ಲ!” ಎಂದು ಅಜ್ಜ ಎದೆಯುಬ್ಬಿಸಿದರು.

ಅಜ್ಜಿ ಸೊಂಟಕ್ಕೆ ಕೈಯಿಟ್ಟರು. “ಆಯ್ತು ಮಾರಾಯ್ರೆ. ರಕ್ತದಲ್ಲಿ ಇಲ್ಲದ ಸಕ್ಕರೆ ಬೆರಳಿಗೆ ಎಲ್ಲಿಂದ ಬಂತು?”

ಹತ್ತು ನಿಮಿಷದ ಹಿಂದಷ್ಟೇ ಅಜ್ಜನೂ ನಾನೂ ಮನೆಯೆದುರಿನ ಗ್ಯಾಲರಿಯಲ್ಲಿ ನಿಂತು ಹಂಚಿಕೊಂಡಿದ್ದ ಜಿಲೇಬಿಯ ಪಾಕ ನನ್ನ ಕೈಯಲ್ಲಿನ್ನೂ ಅಂಟಂಟಾಗಿತ್ತು. ನಾನು ಮೆಲ್ಲಗೆ ಫ್ರಾಕಿಗೆ ಒರೆಸಿಕೊಂಡೆ.

ಅಜ್ಜ ನನ್ನನ್ನೇ ದುರುಗುಟ್ಟಿ ನೋಡುತ್ತಾ ಅಪ್ಪನಿಗೆ ಹೇಳಿದರು: “ಮಾತಾಡದ್ದೇ ಇರಲಿ ಮಗಾ. ಈ ಮನೆಗೆ ಅದೇ ಒಳ್ಳೇದು.”